ಬೈಬ್ಯಾಕ್‌ನಲ್ಲಿ ಬಂದದ್ದೆಲ್ಲ ಡಿವಿಡೆಂಡ್ ಹೇಗಾಯ್ತು?

ಪ್ರಶ್ನೆ (2025ರಲ್ಲಿ, 2024-25ರ ರಿಟರ್ನ್ ಹಾಕುವ ಹೊತ್ತಿನದು; ಬೈಬ್ಯಾಕ್ ನಿಯಮ 2026ರ ಏಪ್ರಿಲ್‌ನಿಂದ ಬದಲಾಗಿದೆ): ನನ್ನ ಸಂಬಳ ವರ್ಷಕ್ಕೆ 13 ಲಕ್ಷ ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. 2024ರ ಆಗಸ್ಟ್‌ನಲ್ಲಿ ಒಂದು ಕಂಪನಿಯಿಂದ 42,000 ರೂ. ಡಿವಿಡೆಂಡ್ ಘೋಷಣೆಯಾಯ್ತು, ಖಾತೆಗೆ ಬಂದದ್ದು 37,800 ಮಾತ್ರ. ಡಿಸೆಂಬರ್‌ನಲ್ಲಿ ಇನ್ನೊಂದು ಕಂಪನಿಯ ಬೈಬ್ಯಾಕ್‌ಗೆ (ಕಂಪನಿ ತನ್ನದೇ ಷೇರನ್ನು ವಾಪಸ್ ಕೊಳ್ಳುವುದು) 100 ಷೇರು ಕೊಟ್ಟೆ. ಎರಡು ವರ್ಷದ ಹಿಂದೆ ತಲಾ 1,400ಕ್ಕೆ ಕೊಂಡಿದ್ದೆ. ಕಂಪನಿ 1,600 ಕೊಟ್ಟಿತು. ಆಗ ಮಾರುಕಟ್ಟೆಯಲ್ಲಿ ಬೆಲೆ 1,500 ಇತ್ತು. ಈಗ ನೋಡಿದರೆ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್‌ನಲ್ಲಿ ಇಡೀ 1,60,000 ರೂಪಾಯಿ ಡಿವಿಡೆಂಡ್ ಅಂತ ತೋರಿಸುತ್ತಿದೆ! ನನ್ನ ಲಾಭ 20,000 ಅಷ್ಟೇ ಅಲ್ವಾ ಸರ್? ಕಂಪನಿ ಈಗಾಗಲೇ ತೆರಿಗೆ ಕಟ್ಟಿದ ದುಡ್ಡಿಗೆ ನಾನು ಮತ್ತೆ ಯಾಕೆ ಕಟ್ಟಬೇಕು? ಕಂಪನಿ ಪುಕ್ಕಟೆಯಾಗಿ ಕೊಡುವ ಬೋನಸ್ ಷೇರೂ ಬಂದಿವೆ, ಅದಕ್ಕೂ ತೆರಿಗೆ ಇದೆಯಾ? ಇನ್ನೊಂದು ವಿಷಯ. ನನ್ನ ತಮ್ಮನ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ನನಗೆ ಶೇ 12ರಷ್ಟು ಷೇರಿದೆ. ಮನೆ ರಿಪೇರಿಗೆ ಅಲ್ಲಿಂದ 5 ಲಕ್ಷ ಸಾಲ ತೆಗೆದುಕೊಳ್ಳಬಹುದಾ?

ಉತ್ತರ: ಮೇಡಂ, ಮೊದಲು ಒಂದು ಮಾತು. ರಿಟರ್ನ್ ಇನ್ನೂ ಸಲ್ಲಿಸಿಲ್ಲ ಅಂದರೆ ದಯವಿಟ್ಟು ಗಡುವು ದಾಟಿಸಬೇಡಿ. ನಿಮ್ಮ ಬೈಬ್ಯಾಕ್ ಲೆಕ್ಕದಲ್ಲಿ 1,40,000 ರೂಪಾಯಿಯ ನಷ್ಟವೊಂದು ಅಡಗಿದೆ. ಅದು ನಿಮ್ಮ ಆಸ್ತಿ. ಒಂದು ದಿನ ತಡವಾದರೂ ಅದು ಕೈಬಿಟ್ಟು ಹೋಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಂಪನಿಯಿಂದ ದುಡ್ಡು ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಕಂಪನಿಯ ಲಾಭದಲ್ಲಿ ನಿಮಗೆ ಸಿಕ್ಕ ಪಾಲೋ, ಇಲ್ಲಾ ನೀವೇ ಹಾಕಿದ ದುಡ್ಡು ವಾಪಸ್ ಬಂದದ್ದೋ? ಲಾಭದ ಪಾಲಾದರೆ ಅದು ಆದಾಯ. ಹಾಕಿದ ದುಡ್ಡೇ ವಾಪಸ್ ಬಂದರೆ ಅದು ಆದಾಯವಲ್ಲ. ಎಷ್ಟೋ ದೇಶಗಳ ಕಾನೂನು ನಿಂತಿರುವುದು ಇದೇ ಜರಡಿಯ ಮೇಲೆ. ಅಮೆರಿಕದಲ್ಲಿ ಕಂಪನಿ ಹಂಚಿದ ಹಣ ಅದರ ಲಾಭ ಇರುವಷ್ಟಕ್ಕೆ ಡಿವಿಡೆಂಡ್. ಅದಕ್ಕಿಂತ ಜಾಸ್ತಿ ಬಂದದ್ದನ್ನು ಷೇರಿನ ಕೊಂಡ ಬೆಲೆಯಿಂದ ಕಳೆಯುತ್ತಾರೆ. ಕೊಂಡ ಬೆಲೆಯೂ ತೀರಿದ ಮೇಲೆ ಉಳಿದದ್ದು ಕ್ಯಾಪಿಟಲ್ ಗೇನ್, ಅಂದರೆ ಆಸ್ತಿ ಮಾರಿ ಬಂದ ಲಾಭ. ನಿಮ್ಮ ಲೆಕ್ಕಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ, ಡಿವಿಡೆಂಡ್ ಯಾವುದು ಅಂತ ಹೇಳುವ ಸೆಕ್ಷನ್ 2(22) ಕೂಡ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಕಂಪನಿ ಮುಚ್ಚಿ ಹಣ ಹಂಚಿದರೂ, ಷೇರು ಬಂಡವಾಳ ಕಡಿಮೆ ಮಾಡಿ ಹಣ ಕೊಟ್ಟರೂ, 'ಸಂಚಿತ ಲಾಭ (ಹಂಚದೆ ಕೂಡಿಟ್ಟ ಲಾಭ) ಎಷ್ಟಿದೆಯೋ ಅಷ್ಟು ಮಾತ್ರ' ಡಿವಿಡೆಂಡ್. ಉಳಿದದ್ದು ಕ್ಯಾಪಿಟಲ್ ಗೇನ್ ಲೆಕ್ಕಕ್ಕೆ ಹೋಗುತ್ತದೆ.

ನೀವು ಷೇರು ಕೊಟ್ಟಾಗಿನ ನಿಯಮದಲ್ಲಿ ಬೈಬ್ಯಾಕ್‌ಗೆ ಮಾತ್ರ ಈ ಜರಡಿ ಇರಲಿಲ್ಲ. ನಿಮಗೆ ನೋವಾಗಿರುವುದು ಅಲ್ಲೇ. ಅದಕ್ಕೆ ಬರುವ ಮೊದಲು ಸುಲಭದ್ದನ್ನು ಮುಗಿಸಿಬಿಡೋಣ.

42,000ದ ಡಿವಿಡೆಂಡ್‌ನಲ್ಲಿ ಗೊಂದಲ ಏನಿಲ್ಲ. ಕಂಪನಿ ಶೇ 10ರಂತೆ 4,200 ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿಯುವ ತೆರಿಗೆ) ಹಿಡಿದು 37,800 ಕಳಿಸಿದೆ. ಆ ವರ್ಷ ಒಂದು ಕಂಪನಿಯಿಂದ ಬರುವ ಡಿವಿಡೆಂಡ್ 5,000 ದಾಟಿದರೆ ಟಿಡಿಎಸ್ ಹಿಡಿಯಬೇಕಿತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 10,000 ಆಗಿದೆ. ರಿಟರ್ನ್‌ನಲ್ಲಿ ನೀವು ತೋರಿಸಬೇಕಾದದ್ದು 42,000, ಬ್ಯಾಂಕಿಗೆ ಬಂದ 37,800 ಅಲ್ಲ. ತುಂಬಾ ಜನ ಪಾಸ್‌ಬುಕ್ ನೋಡಿ ಬರೆದು ಇಲ್ಲಿ ತಪ್ಪು ಮಾಡುತ್ತಾರೆ. ಆಮೇಲೆ ಎಐಎಸ್ ಜೊತೆ ತಾಳೆಯಾಗದೆ ನೋಟಿಸ್ ಬರುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: 'ಟಿಡಿಎಸ್ ಹಿಡಿದರಲ್ಲ, ತೆರಿಗೆ ಮುಗೀತು.' ಮುಗಿಯಲಿಲ್ಲ. ಅದು ಮುಂಗಡವಾಗಿ ಹಿಡಿದ ಶೇ 10 ಅಷ್ಟೇ. ಡಿವಿಡೆಂಡ್ ನಿಮ್ಮ ಸಂಬಳದ ಮೇಲೆ ಕೂತು ನಿಮ್ಮ ಸ್ಲ್ಯಾಬ್‌ನ, ಅಂದರೆ ನಿಮ್ಮ ಆದಾಯದ ಹಂತದ, ದರ ಹೊರುತ್ತದೆ. ಸಂಬಳ 13 ಲಕ್ಷ, ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದರೆ 12.25 ಲಕ್ಷ. ಆ ವರ್ಷ ಹೊಸ ಪದ್ಧತಿಯಲ್ಲಿ 12ರಿಂದ 15 ಲಕ್ಷದವರೆಗೆ ಶೇ 20. ತೆರಿಗೆಯ ಮೇಲೆ ಹಾಕುವ ಸೆಸ್ ಸೇರಿ ಶೇ 20.8. ನಿಮ್ಮ ಡಿವಿಡೆಂಡ್ ಪೂರ್ತಿ ಬೀಳುವುದು ಈ ಸ್ಲ್ಯಾಬ್‌ಗೆ.

'ಕಂಪನಿ ಕಟ್ಟಿದೆಯಲ್ಲ' ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಹೊಸ ಕಡಿಮೆ ದರ ಆರಿಸಿಕೊಂಡ ಕಂಪನಿ ತನ್ನ ಲಾಭದ ಮೇಲೆ ಸರ್ಚಾರ್ಜ್, ಸೆಸ್ ಎಲ್ಲ ಸೇರಿ ಸುಮಾರು ಶೇ 25.17 ತೆರಿಗೆ ಕಟ್ಟುತ್ತದೆ. 100 ರೂಪಾಯಿ ಲಾಭದಲ್ಲಿ ಹಂಚಲು ಉಳಿಯುವುದು 74.83. ಅದರ ಮೇಲೆ ನೀವು ಶೇ 20.8 ಕಟ್ಟಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಸುಮಾರು 59.27. ಅಂದರೆ ಆ 100 ರೂಪಾಯಿಯಲ್ಲಿ 40ಕ್ಕೂ ಜಾಸ್ತಿ ತೆರಿಗೆಗೆ ಹೋಯಿತು. ಕಾನೂನಿನ ವಾದ ಏನೆಂದರೆ ಕಂಪನಿಯೇ ಬೇರೆ, ನೀವೇ ಬೇರೆ. ಎರಡು ಜೀವ, ಎರಡು ಆದಾಯ, ಎರಡು ತೆರಿಗೆ. ಎಲ್ಲ ಕಡೆ ಹೀಗೇ ಇಲ್ಲ. ಆಸ್ಟ್ರೇಲಿಯಾದಲ್ಲಿ 1987ರಿಂದ, ಕಂಪನಿ ಕಟ್ಟಿದ ತೆರಿಗೆಯನ್ನು ಷೇರುದಾರರ ಲೆಕ್ಕಕ್ಕೆ ಜಮಾ ಕೊಡುವ ಪದ್ಧತಿ ಇದೆ. ನನಗೆ ಅದೇ ಹೆಚ್ಚು ಸರಿ ಅನಿಸುತ್ತದೆ.

ಹಾಗಂತ ನಮ್ಮ ಹಳೆಯ ವ್ಯವಸ್ಥೆ ಈಗಿನದಕ್ಕಿಂತ ಒಳ್ಳೆಯದಿತ್ತು ಅನ್ನಲಾರೆ. 1997ರಲ್ಲಿ ಡಿವಿಡೆಂಡ್ ಹಂಚಿಕೆ ತೆರಿಗೆ ಬಂತು. ಹಂಚುವ ಮೊದಲು ಕಂಪನಿಯೇ ಕಟ್ಟುತ್ತಿತ್ತು, ಷೇರುದಾರರಿಗೆ 'ತೆರಿಗೆ ಇಲ್ಲದ' ಡಿವಿಡೆಂಡ್ ಬರುತ್ತಿತ್ತು. ಶುರುವಿನಲ್ಲಿ ಶೇ 10 ಇದ್ದ ದರ, ಕೊನೆಕೊನೆಗೆ ಎಲ್ಲ ಸೇರಿ ಶೇ 20.56ಕ್ಕೆ ಮುಟ್ಟಿತ್ತು. ಕೇಳಲು ಚೆನ್ನಾಗಿತ್ತು, ಸರಿ. ಆದರೆ ಕೋಟಿ ಕೋಟಿ ಡಿವಿಡೆಂಡ್ ಪಡೆಯುವ ಪ್ರವರ್ತಕರ (ಕಂಪನಿ ಕಟ್ಟಿ ನಡೆಸುವ ದೊಡ್ಡ ಷೇರುದಾರರ) ಪಾಲಿನಿಂದಲೂ ಅದೇ ಶೇ 20.56, ಪಿಂಚಣಿಯಲ್ಲಿ ಬದುಕುವ ಅಜ್ಜಿಯ 3,000 ರೂಪಾಯಿಯಿಂದಲೂ ಅದೇ ಶೇ 20.56. ಆ ಅಜ್ಜಿಗೆ ರೀಫಂಡ್ ಕೇಳುವ ದಾರಿಯೇ ಇರಲಿಲ್ಲ. 2016-17ರಿಂದ, 10 ಲಕ್ಷ ದಾಟಿದ ಡಿವಿಡೆಂಡ್ ಮೇಲೆ ಹೆಚ್ಚುವರಿ ಶೇ 10 ಹಾಕಿ ಸ್ವಲ್ಪ ಸರಿಮಾಡಲು ನೋಡಿದರು. 2020ರ ಏಪ್ರಿಲ್ 1ರಿಂದ ಪೂರ್ತಿ ವ್ಯವಸ್ಥೆಯನ್ನೇ ತೆಗೆದು, ಅವರವರ ಸ್ಲ್ಯಾಬ್ ಪ್ರಕಾರ ಕಟ್ಟಿ ಅಂದರು. ಈಗ ಆದಾಯ ಕಡಿಮೆ ಇರುವವರು ಅದಕ್ಕೆಂದೇ ಇರುವ ಫಾರ್ಮ್ ಕೊಟ್ಟರೆ ಟಿಡಿಎಸ್ಸೇ ಹಿಡಿಯುವುದಿಲ್ಲ. ಹಿಡಿದಿದ್ದರೂ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ನಿಮ್ಮಂಥ ಮಧ್ಯದವರಿಗೆ ಹೊರೆ ಜಾಸ್ತಿಯಾಯ್ತು, ನಿಜ. ಆ ಅಜ್ಜಿಗೆ ನ್ಯಾಯ ಸಿಕ್ಕಿತು.

ಈಗ ಬೈಬ್ಯಾಕ್‌ಗೆ ಬರೋಣ.

2024ರ ಸೆಪ್ಟೆಂಬರ್ 30ರವರೆಗೆ ಬೈಬ್ಯಾಕ್ ತೆರಿಗೆಯನ್ನು ಕಂಪನಿ ಕಟ್ಟುತ್ತಿತ್ತು. ದರ ಎಲ್ಲ ಸೇರಿ ಸುಮಾರು ಶೇ 23.3. ನಿಮ್ಮ ಕೈಗೆ ಬಂದದ್ದಕ್ಕೆ ತೆರಿಗೆ ಇರಲಿಲ್ಲ. ಡಿವಿಡೆಂಡ್ ಸ್ಲ್ಯಾಬ್‌ಗೆ ಹೋದ ಮೇಲೆ ದೊಡ್ಡ ಸ್ಲ್ಯಾಬ್‌ನ ಪ್ರವರ್ತಕರಿಗೆ ಬೈಬ್ಯಾಕೇ ಅಗ್ಗವಾಯ್ತು. ಆ ಸಂದು ಮುಚ್ಚಲು ಸರ್ಕಾರ ಅಕ್ಟೋಬರ್ 1ರಿಂದ ನಿಯಮ ಬದಲಿಸಿತು. ಸೆಕ್ಷನ್ 2(22)ಕ್ಕೆ (ಎಫ್) ಅಂತ ಹೊಸ ಉಪವಿಧಿ ಸೇರಿತು: ಬೈಬ್ಯಾಕ್‌ನಲ್ಲಿ ಕಂಪನಿ ಕೊಟ್ಟ ಪೂರ್ತಿ ಮೊತ್ತ ಡಿವಿಡೆಂಡ್. ಅದರ ಪಕ್ಕದ ವಿಧಿಗಳಲ್ಲಿರುವ 'ಸಂಚಿತ ಲಾಭದಷ್ಟು ಮಾತ್ರ' ಎಂಬ ಮಾತು ಇಲ್ಲಿ ಇಲ್ಲ. ನೀವು ಹಾಕಿದ 1,40,000ವನ್ನೂ ಕಳೆಯುವ ಹಾಗಿಲ್ಲ. ಸಾಲ ಮಾಡಿ ಷೇರು ಕೊಂಡಿದ್ದರೆ ಆ ಬಡ್ಡಿಯನ್ನೂ ಇದರಲ್ಲಿ ಕಳೆಯುವಂತಿಲ್ಲ. ಆ ವರ್ಷ ಮಾಮೂಲಿ ಡಿವಿಡೆಂಡ್‌ನಲ್ಲಾದರೆ, ಡಿವಿಡೆಂಡ್ ಮೊತ್ತದ ಶೇ 20ರವರೆಗೆ ಬಡ್ಡಿ ಕಳೆಯಲು ಬಿಡುತ್ತಿದ್ದರು. ಹಾಗಾಗಿ ಎಐಎಸ್‌ನಲ್ಲಿ ನಿಮಗೆ ಕಂಡ 1,60,000 ತಪ್ಪಲ್ಲ. ಅದಕ್ಕೆ 'ಮಾಹಿತಿ ಸರಿಯಿಲ್ಲ' ಅಂತ ಫೀಡ್‌ಬ್ಯಾಕ್ ಒತ್ತಲು ಹೋಗಬೇಡಿ.

ಹಾಗಾದರೆ ನಿಮ್ಮ 1,40,000 ಎಲ್ಲಿ ಹೋಯಿತು? ಕಾನೂನು ಅದನ್ನು ಇನ್ನೊಂದು ಖಾನೆಗೆ ಸರಿಸಿದೆ. ಕ್ಯಾಪಿಟಲ್ ಗೇನ್ ಲೆಕ್ಕದಲ್ಲಿ ನೀವು ಆ 100 ಷೇರನ್ನು ಸೊನ್ನೆ ರೂಪಾಯಿಗೆ ಮಾರಿದಿರಿ ಅಂತ ಇಟ್ಟುಕೊಳ್ಳುತ್ತದೆ. ಕೊಂಡದ್ದು 1,40,000ಕ್ಕೆ, ಮಾರಿದ್ದು ಸೊನ್ನೆಗೆ, ನಷ್ಟ 1,40,000. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರಿಂದ ಇದು ದೀರ್ಘಾವಧಿ ನಷ್ಟ. ಈ ವರ್ಷ ಬಳಸಲು ಲಾಭ ಇಲ್ಲದಿದ್ದರೆ ಮುಂದಿನ 8 ವರ್ಷ ಹೊತ್ತುಕೊಂಡು ಹೋಗಬಹುದು. ಯಾವುದೇ ದೀರ್ಘಾವಧಿ ಕ್ಯಾಪಿಟಲ್ ಗೇನ್‌ಗೆ ಎದುರಾಗಿ ವಜಾ ಮಾಡಬಹುದು. ಷೇರಿನದ್ದಾದರೂ ಸರಿ, ಸೈಟ್ ಮಾರಿದ್ದಾದರೂ ಸರಿ. ಸಂಬಳಕ್ಕೆ, ಬಡ್ಡಿಗೆ, ಡಿವಿಡೆಂಡ್‌ಗೆ ಎದುರಾಗಿ ಮಾತ್ರ ಆಗುವುದಿಲ್ಲ.

ಗಡುವಿನ ಮಾತು ಹೇಳಿದ್ದು ಇದಕ್ಕೇ. ನಷ್ಟ ಮುಂದಕ್ಕೆ ಹೋಗಬೇಕಾದರೆ ರಿಟರ್ನ್ ಸಕಾಲಕ್ಕೆ ಸಲ್ಲಿಕೆಯಾಗಿರಬೇಕು. ದಂಡ ಕಟ್ಟಿ ಆಮೇಲೆ ಹಾಕಿದ ರಿಟರ್ನ್‌ಗೆ ಆ ಹಕ್ಕಿಲ್ಲ. ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಬಂದ ಒಬ್ಬರಿಗೆ ಷೇರಿನಲ್ಲಿ ದೊಡ್ಡ ನಷ್ಟವಾಗಿತ್ತು. ಕಾಗದ ಎಲ್ಲ ಸರಿಯಾಗಿತ್ತು. ಮನೆಯಲ್ಲಿ ಮದುವೆ ಗಡಿಬಿಡಿ ಅಂತ ನಾಲ್ಕು ದಿನ ತಡಮಾಡಿದರು. ಆ ನಷ್ಟವನ್ನು ಉಳಿಸಿಕೊಡಲು ನನ್ನಿಂದ ಆಗಲಿಲ್ಲ. ಈಗಲೂ ನೆನೆದರೆ ಬೇಜಾರಾಗುತ್ತದೆ.

ನಿಮಗೆ ಬೇಕಾದದ್ದು ಐಟಿಆರ್-2 ಎಂಬ ರಿಟರ್ನ್ ಫಾರ್ಮ್. ಐಟಿಆರ್-1ರಲ್ಲಿ ನಷ್ಟ ಹೊತ್ತೊಯ್ಯಲು ಜಾಗವಿಲ್ಲ. ಫಾರ್ಮ್ ತುಂಬುವಾಗ ಎರಡೂ ಕಡೆ ಬರೆಯಬೇಕು. 'ಇತರ ಮೂಲಗಳ ಆದಾಯ'ದಲ್ಲಿ ಬೈಬ್ಯಾಕ್ ಡಿವಿಡೆಂಡ್ ಅಂತ 1,60,000. ಕ್ಯಾಪಿಟಲ್ ಗೇನ್ ಪುಟದಲ್ಲಿ ಬೈಬ್ಯಾಕ್ ನಷ್ಟ ಅಂತ 1,40,000. ಡಿವಿಡೆಂಡ್ ತೋರಿಸಿದವರಿಗೆ ಮಾತ್ರ ನಷ್ಟ ಅಂತ ಫಾರ್ಮ್‌ನಲ್ಲೇ ಷರತ್ತಿದೆ. ಇನ್ನೊಂದು ಕಡೆ ಕಣ್ಣಿಡಿ. ಎಐಎಸ್‌ನಲ್ಲಿ ಅದೇ 100 ಷೇರು 'ಷೇರು ಮಾರಾಟ' ಅಂತ ಇನ್ನೊಂದು ಸಾಲಿನಲ್ಲೂ ಕಾಣಿಸಬಹುದು. ಅದನ್ನು ನೋಡಿ 1,60,000ವನ್ನು ಮಾರಾಟದ ಬೆಲೆ ಅಂತ ಮತ್ತೆ ಹಾಕಿಬಿಟ್ಟರೆ ಒಂದೇ ದುಡ್ಡಿಗೆ ಎರಡು ಸಲ ಲೆಕ್ಕವಾಗುತ್ತದೆ, ನಷ್ಟವೂ ಮಾಯವಾಗುತ್ತದೆ.

ಇನ್ನು ಈ ವ್ಯವಹಾರದಲ್ಲಿ ನಿಮಗೆ ಆದದ್ದೇನು ಅಂತ ನೇರವಾಗಿ ನೋಡೋಣ. 1,60,000ಕ್ಕೆ ಶೇ 20.8 ಅಂದರೆ 33,280 ತೆರಿಗೆ. ಕೈಯಲ್ಲಿ ಉಳಿಯುವುದು 1,26,720. ನೀವು ಹಾಕಿದ 1,40,000ಕ್ಕಿಂತ ಕಡಿಮೆ! ಮುಂದೆ ಆ ನಷ್ಟವನ್ನು ಪೂರ್ತಿ ಬಳಸಿಕೊಂಡರೆ, ಈಗಿನ ದೀರ್ಘಾವಧಿ ದರ ಶೇ 12.5ರಂತೆ, ಸೆಸ್ ಸೇರಿ ಹೆಚ್ಚೆಂದರೆ 18,200 ಉಳಿಸಬಹುದು. ಅದನ್ನೂ ಕೂಡಿದರೆ 1,44,920. ಅದೇ ದಿನ ಮಾರುಕಟ್ಟೆಯಲ್ಲಿ 1,500ರಂತೆ ಮಾರಿದ್ದರೆ? ಬ್ರೋಕರ್ ಖರ್ಚು ಬಿಟ್ಟರೆ 1,50,000 ಕೈಗೆ ಬರುತ್ತಿತ್ತು. ಲಾಭ 10,000. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲದ್ದರಿಂದ ತೆರಿಗೆ ಸೊನ್ನೆ. 1,600 ಎಂಬ ಸಂಖ್ಯೆ ಆಕರ್ಷಕವಾಗಿತ್ತು, ಆದರೆ ನಿಮಗೆ 1,500ರ ದಾರಿಯೇ ಲಾಭದ್ದಾಗಿತ್ತು. ನಿಮ್ಮದೇನೂ ತಪ್ಪಿಲ್ಲ. ಬೈಬ್ಯಾಕ್ ಅಂದರೆ ತೆರಿಗೆ ಇಲ್ಲ ಅಂತ ವರ್ಷಗಟ್ಟಲೆ ಎಲ್ಲರೂ ಹೇಳುತ್ತಿದ್ದರು, ನಿಯಮ ಬದಲಾಗಿ ಮೂರು ತಿಂಗಳೂ ಆಗಿರಲಿಲ್ಲ.

ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಪ್ರವರ್ತಕರ ಸಂದು ಮುಚ್ಚಲು ಹೋಗಿ, ಹಾಕಿದ ದುಡ್ಡು ವಾಪಸ್ ಬಂದದ್ದಕ್ಕೂ ಸಣ್ಣ ಹೂಡಿಕೆದಾರರು ಸ್ಲ್ಯಾಬ್ ದರದಲ್ಲಿ ಕಟ್ಟುವ ಹಾಗಾಯ್ತು. ತೆರಿಗೆ ಇವತ್ತೇ ಶೇ 20.8 ಹೋಗುತ್ತದೆ. ಪರಿಹಾರ ಮುಂದೆ ಯಾವಾಗಲೋ, ಲಾಭ ಬಂದರೆ, ಶೇ 12.5ರ ಲೆಕ್ಕದಲ್ಲಿ ಬರುತ್ತದೆ. ತೆರಿಗೆಯೇ ಬೀಳದಷ್ಟು ಕಡಿಮೆ ಆದಾಯ ಇರುವವರಿಗೆ ಮಾತ್ರ ಇಂಥ ಬೈಬ್ಯಾಕ್ ಲಾಭ ತರಬಹುದು. ಅವರಿಗೆ ಟಿಡಿಎಸ್ ವಾಪಸ್ ಬರುತ್ತದೆ, ನಷ್ಟವೂ ಜೇಬಿನಲ್ಲಿ ಉಳಿಯುತ್ತದೆ.

ಆ 18,200 ಕೂಡ ತಾನಾಗಿ ಬರುವುದಿಲ್ಲ. ಉದಾಹರಣೆಗೆ ಮುಂದಿನ ವರ್ಷ ನೀವು ಷೇರು ಮಾರಿ 1,20,000 ದೀರ್ಘಾವಧಿ ಲಾಭ ಮಾಡಿದಿರಿ ಅನ್ನಿ. ನಷ್ಟ ಇಲ್ಲದಿದ್ದರೂ ಅದಕ್ಕೆ ತೆರಿಗೆ ಬೀಳುತ್ತಿರಲಿಲ್ಲ. ಆದರೂ ಹಳೆಯ ನಷ್ಟ ಮೊದಲು ಆ ಲಾಭವನ್ನು ನುಂಗುತ್ತದೆ. 1.25 ಲಕ್ಷದ ವಿನಾಯಿತಿ ಬರುವುದು ಅದಾದ ಮೇಲೆ. 1,20,000 ನಷ್ಟ ಸುಮ್ನೆ ಕರಗಿ 20,000 ಉಳಿಯುತ್ತದೆ, ಒಂದು ರೂಪಾಯಿಯೂ ಉಳಿತಾಯವಾಗುವುದಿಲ್ಲ. ಅದರ ಬದಲು ಒಂದೇ ವರ್ಷದಲ್ಲಿ 2,65,000 ಲಾಭ ಬರುವ ಹಾಗೆ ಮಾರಿದರೆ, ನಷ್ಟ ಕಳೆದು 1,25,000 ಉಳಿಯುತ್ತದೆ, ಅದು ವಿನಾಯಿತಿಯೊಳಗೇ ಬರುತ್ತದೆ. 18,200 ಪೂರ್ತಿ ಉಳಿಯುತ್ತದೆ. 8 ವರ್ಷ ಸಮಯ ಇದೆಯಲ್ಲ, ಸೈಟೋ ಹಳೆಯ ಷೇರೋ ಮಾರುವ ದೊಡ್ಡ ವರ್ಷಕ್ಕೆ ಹೊಂದಿಸಿ. ಆ ತನಕ ಸಣ್ಣಪುಟ್ಟ ದೀರ್ಘಾವಧಿ ಲಾಭ ಮಾಡದೆ ಇರುವುದು ಜಾಣತನ.

ಈಗ ಕಟ್ಟಬೇಕಾದ್ದು ಎಷ್ಟು? ಡಿವಿಡೆಂಡ್ 42,000, ಬೈಬ್ಯಾಕ್ 1,60,000, ಒಟ್ಟು 2,02,000. ತೆರಿಗೆ ಸೆಸ್ ಸೇರಿ 42,016. ಎರಡೂ ಕಡೆ ಹಿಡಿದ ಟಿಡಿಎಸ್ 20,200. ಬಾಕಿ 21,816. ಸಂಬಳದ ತೆರಿಗೆಯನ್ನು ನಿಮ್ಮ ಆಫೀಸ್ ಸರಿಯಾಗಿ ಹಿಡಿದಿದೆ ಅಂತ ಇಟ್ಟುಕೊಂಡು ಹೇಳುತ್ತಿದ್ದೇನೆ. ಬಾಕಿ 10,000 ದಾಟಿರುವುದರಿಂದ ಇದನ್ನು ಮಾರ್ಚ್ ಒಳಗೆ ಅಡ್ವಾನ್ಸ್ ಟ್ಯಾಕ್ಸ್ (ವರ್ಷದೊಳಗೇ ಕಂತುಗಳಲ್ಲಿ ಕಟ್ಟುವ ಮುಂಗಡ ತೆರಿಗೆ) ಆಗಿ ಕಟ್ಟಬೇಕಿತ್ತು. ಕಟ್ಟಿಲ್ಲದಿದ್ದರೆ ಏಪ್ರಿಲ್‌ನಿಂದ ತಿಂಗಳಿಗೆ ಶೇ 1 ಬಡ್ಡಿ. ಜುಲೈಯಲ್ಲಿ ಕಟ್ಟಿದರೆ ನಾಲ್ಕು ತಿಂಗಳಿಗೆ 872 ರೂಪಾಯಿ. ಇದರ ಜೊತೆ ಕಂತು ತಪ್ಪಿಸಿದ್ದಕ್ಕೆ ಬೇರೆ ಬಡ್ಡಿಯೂ ಇದೆ. ಮುಂದಿನ ಸಲ ನೆನಪಿಡಿ: ಡಿವಿಡೆಂಡ್ ಯಾವಾಗ ಬರುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬಂದ ಮೇಲಿನ ಕಂತುಗಳಲ್ಲಿ ಅದರ ತೆರಿಗೆ ಕಟ್ಟಿದರೆ ಹಿಂದಿನ ಕಂತಿಗೆ ಬಡ್ಡಿ ಹಾಕುವುದಿಲ್ಲ. ರಿಟರ್ನ್‌ನಲ್ಲಿ ಡಿವಿಡೆಂಡನ್ನು ಜೂನ್ 15ರವರೆಗೆ, ಸೆಪ್ಟೆಂಬರ್ 15ರವರೆಗೆ ಅಂತ ಬಿಡಿಸಿ ಕೇಳುವುದು ಇದಕ್ಕೇ. ಆ ಪೆಟ್ಟಿಗೆಗಳಲ್ಲಿ ನಿಮ್ಮ ಆಗಸ್ಟ್ ದುಡ್ಡನ್ನು ಎರಡನೆಯದಕ್ಕೆ, ಬೈಬ್ಯಾಕ್ ದುಡ್ಡನ್ನು ಅದು ಬಂದ ತಾರೀಕು ನೋಡಿ ಸರಿಯಾದ ಪೆಟ್ಟಿಗೆಗೆ ಹಾಕಿ.

ಬೋನಸ್ ಷೇರಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಂದಾಗ ತೆರಿಗೆ ಇಲ್ಲ. ಕಂಪನಿಯಿಂದ ಒಂದು ಪೈಸೆಯೂ ಹೊರಗೆ ಬಂದಿಲ್ಲ, ಒಂದೇ ರೊಟ್ಟಿಯನ್ನು ಎರಡು ತುಂಡು ಮಾಡಿದ ಹಾಗೆ ಅಷ್ಟೇ. ಮಾರುವಾಗ ಮಾತ್ರ ಆ ಷೇರುಗಳ ಕೊಂಡ ಬೆಲೆ ಸೊನ್ನೆ ಅಂತ ಹಿಡಿಯುತ್ತಾರೆ. ದೀರ್ಘಾವಧಿಗೆ ಬೇಕಾದ ಒಂದು ವರ್ಷದ ಲೆಕ್ಕವೂ ಕಂಪನಿ ಬೋನಸ್ ಷೇರು ಹಂಚಿಕೆ (ಅಲಾಟ್‌ಮೆಂಟ್) ಮಾಡಿದ ದಿನದಿಂದಲೇ ಶುರು. ಬೋನಸ್ ಬರುತ್ತದೆ ಅಂತ ತಿಳಿದು ರೆಕಾರ್ಡ್ ಡೇಟ್‌ಗೆ (ಬೋನಸ್ ಯಾರಿಗೆ ಅಂತ ಕಂಪನಿ ಗುರುತಿಸುವ ದಿನ) ಹಿಂದಿನ ಮೂರು ತಿಂಗಳೊಳಗೆ ಕೊಂಡು, ಆಮೇಲೆ ಒಂಬತ್ತು ತಿಂಗಳೊಳಗೆ ಹಳೆಯ ಷೇರನ್ನಷ್ಟೇ ಮಾರಿ ನಷ್ಟ ತೋರಿಸಿದರೆ, ಆ ನಷ್ಟವನ್ನು ಒಪ್ಪುವುದಿಲ್ಲ. ಅದು ಉಳಿದ ಬೋನಸ್ ಷೇರಿನ ಬೆಲೆಗೆ ಸೇರುತ್ತದೆ.

ತಮ್ಮನ ಕಂಪನಿಯ ಸಾಲ ಮಾತ್ರ ಬೇಡ ಮೇಡಂ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ಆ ವಿಷಯವೇ. ಸಾರ್ವಜನಿಕರಿಗೆ ಗಣನೀಯ ಪಾಲಿಲ್ಲದ, ನಿಮ್ಮ ತಮ್ಮನದರಂಥ ಕಂಪನಿ, ಶೇ 10 ಅಥವಾ ಅದಕ್ಕಿಂತ ಜಾಸ್ತಿ ಮತದ ಹಕ್ಕಿರುವ ಷೇರುದಾರರಿಗೆ ಸಾಲ ಕೊಟ್ಟರೆ, ಕಂಪನಿಯ ಸಂಚಿತ ಲಾಭ ಇರುವಷ್ಟಕ್ಕೆ ಆ ಸಾಲವೇ ಡಿವಿಡೆಂಡ್. ನಿಮ್ಮದು ಶೇ 12. ಕಂಪನಿಯಲ್ಲಿ ಸಾಲ ಕೊಟ್ಟ ದಿನದವರೆಗೆ 8 ಲಕ್ಷ ಲಾಭ ಕೂಡಿದ್ದರೆ, ನಿಮ್ಮ 5 ಲಕ್ಷ ಪೂರ್ತಿ ನಿಮ್ಮ ಆದಾಯಕ್ಕೆ ಸೇರುತ್ತದೆ. ಆರು ತಿಂಗಳಲ್ಲಿ ಬಡ್ಡಿ ಸಮೇತ ತೀರಿಸಿದರೂ ತೆರಿಗೆ ತಪ್ಪುವುದಿಲ್ಲ. ಅದೇ ವರ್ಷ ಸಾಲ ವಾಪಸ್ ಕೊಟ್ಟರೂ ಅದು ಡಿವಿಡೆಂಡೇ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಸಾಲ ಕೊಡುವುದು ಕಂಪನಿಯ ವ್ಯಾಪಾರದ ಗಣನೀಯ ಭಾಗವಾಗಿದ್ದು, ಆ ವ್ಯಾಪಾರದಲ್ಲೇ ಸಾಲ ಕೊಟ್ಟಿದ್ದರೆ ವಿನಾಯಿತಿ ಇದೆ. ನಿಮ್ಮ ತಮ್ಮನದು ಅಂಥದ್ದಲ್ಲ ಅಂದುಕೊಳ್ಳುತ್ತೇನೆ.

ತಮ್ಮ ತನ್ನ ಸ್ವಂತ ಉಳಿತಾಯ ಖಾತೆಯಿಂದ, ಬ್ಯಾಂಕ್ ಮೂಲಕ ಸಾಲ ಕೊಟ್ಟರೆ ಈ ತೊಂದರೆ ಇಲ್ಲ. ಅದಾಗದಿದ್ದರೆ ಬ್ಯಾಂಕಿನ ಮನೆ ರಿಪೇರಿ ಸಾಲಕ್ಕೆ ಹೋಗಿ. ಬ್ಯಾಂಕಿನ ಬಡ್ಡಿ ಜಾಸ್ತಿ ಅನಿಸಿದರೆ, 5 ಲಕ್ಷದ ಮೇಲೆ ಬೀಳಬಹುದಾದ ಲಕ್ಷಕ್ಕೂ ಮೀರಿದ ತೆರಿಗೆಯನ್ನು ಪಕ್ಕದಲ್ಲಿಟ್ಟು ನೋಡಿ. ಕಂಪನಿಯ ಚೆಕ್ ಈಗಾಗಲೇ ಬರೆದಾಗಿದ್ದರೆ, ಬ್ಯಾಂಕಿಗೆ ಹಾಕದೆ ನಾಳೆಯೇ ತಮ್ಮನಿಗೆ ವಾಪಸ್ ಕೊಟ್ಟುಬಿಡಿ.